ಫೆರಿಟಿನ್ ಆಂಟಿಬಾಡಿ: ನಮ್ಮ ಹಾಸನದ ಲ್ಯಾಬಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಒಂದು ಕಾಲೇಜಿನ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ವೆಸ್ಟರ್ನ್ ಬ್ಲಾಟ್ ಕಲಿಸುತ್ತೇನೆ, ಅಂದರೆ ಪ್ರೋಟೀನ್‌ಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬಿಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ಇಳಿಸಿ, ಬೇಕಾದ ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ವಿಧಾನ. ಆ ಪ್ರೋಟೀನ್ ಇದ್ದಲ್ಲಿ ಕಾಣುವ ಗೆರೆಯೇ ಬ್ಯಾಂಡ್. ಪ್ರಾಜೆಕ್ಟ್ ಸೀಸನ್ ಶುರುವಾಯಿತೆಂದರೆ, ಫೆರಿಟಿನ್ ಎಂಬ ಪ್ರೋಟೀನಿಗೆ ಅಂಟಿ ಅದನ್ನು ಗುರುತಿಸಿಕೊಡುವ ಫೆರಿಟಿನ್ ಆಂಟಿಬಾಡಿ ಬಗ್ಗೆ ಅವೇ ಪ್ರಶ್ನೆಗಳು ಬರುತ್ತವೆ. ನಮ್ಮ ಮಕ್ಕಳು ಕೇಳುತ್ತಾರೆ, ಪಶುವೈದ್ಯ ಓದುವವರು ಕೇಳುತ್ತಾರೆ, ಚಿಕ್ಕಮಗಳೂರಿನಿಂದ ಫೋನ್ ಬರುತ್ತದೆ, ಕೈಯಲ್ಲಿ ರಕ್ತದ ರಿಪೋರ್ಟ್ ಹಿಡಿದು ಪಕ್ಕದ ಮನೆಯ ಅಕ್ಕನೂ ಕೇಳುತ್ತಾರೆ. ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಮೊದಲಿಗೆ, ಫೆರಿಟಿನ್ ಅಂದರೆ ಏನು ಮೇಡಂ?

ನಿಮ್ಮ ಅಜ್ಜಿ ಊರಿನಲ್ಲಿ ಹಗೇವು ನೋಡಿದ್ದೀರಾ? ನೆಲದೊಳಗೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ಬರ ಬಂದಾಗ ತೆಗೆಯುತ್ತಿದ್ದರು. ಫೆರಿಟಿನ್ ನಮ್ಮ ಜೀವಕೋಶದೊಳಗಿನ ಕಬ್ಬಿಣದ ಹಗೇವು. 24 ತುಂಡು ಪ್ರೋಟೀನ್ ಸೇರಿ ಒಂದು ಟೊಳ್ಳು ಗುಂಡು ಆಗುತ್ತದೆ. ಹೊರ ಅಳತೆ ಸುಮಾರು 12 ನ್ಯಾನೋಮೀಟರ್, ಒಳಗಿನ ಜಾಗ ಸುಮಾರು 8. ಅಷ್ಟರೊಳಗೆ 4,500ರವರೆಗೆ ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ.

ಕಬ್ಬಿಣವನ್ನು ಹೀಗೆ ಬಚ್ಚಿಡುವುದಕ್ಕೆ ಕಾರಣವಿದೆ. ಜೀವಕೋಶದಲ್ಲಿ ಕಬ್ಬಿಣ ಸುಮ್ನೆ ಓಡಾಡಿಕೊಂಡಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ಡಿಎನ್‌ಎ, ಕೊಬ್ಬು, ಪ್ರೋಟೀನ್ ಯಾವುದನ್ನೂ ಬಿಡುವುದಿಲ್ಲ.

ಈ ಪ್ರೋಟೀನನ್ನು ಮೊದಲು ಬೇರ್ಪಡಿಸಿದವರು ಜೆಕ್ ವಿಜ್ಞಾನಿ ವಿಲೆಮ್ ಲೌಫ್‌ಬರ್ಗರ್, 1937ರಲ್ಲಿ, ಕುದುರೆಯ ಗುಲ್ಮದಿಂದ (ಸ್ಪ್ಲೀನ್). ಇವತ್ತಿಗೂ ಲ್ಯಾಬಿಗೆ ಮಾರುವ ಫೆರಿಟಿನ್ ಬಾಟಲಿಗಳಲ್ಲಿ ಕುದುರೆ ಗುಲ್ಮದ್ದೇ ಜಾಸ್ತಿ ಕಾಣುತ್ತದೆ.

ಈ ಆಂಟಿಬಾಡಿ ಕಬ್ಬಿಣವನ್ನು ಹಿಡಿಯುತ್ತದಾ?

ಇಲ್ಲ. ಅರ್ಧಕ್ಕರ್ಧ ಪ್ರಾಜೆಕ್ಟ್ ವರದಿಗಳು ಎಡವುವುದು ಇಲ್ಲೇ. ಆಂಟಿಬಾಡಿ ಗುರುತಿಸುವುದು ಹಗೇವಿನ ಗೋಡೆಯನ್ನು, ಒಳಗಿನ ರಾಗಿಯನ್ನಲ್ಲ. ಹಗೇವು ತುಂಬಿದ್ದರೂ ಖಾಲಿ ಇದ್ದರೂ ಅದಕ್ಕೆ ಒಂದೇ. ಹಾಗಾಗಿ ಬ್ಯಾಂಡ್ ದಪ್ಪ ಬಂತೆಂದು "ಕಬ್ಬಿಣ ಜಾಸ್ತಿ ಇದೆ" ಎಂದು ಬರೆಯಬೇಡಿ. "ಫೆರಿಟಿನ್ ಪ್ರೋಟೀನ್ ಜಾಸ್ತಿ ಇದೆ" ಎಂದು ಬರೆಯಿರಿ.

ಕಬ್ಬಿಣವನ್ನೇ ನೋಡಬೇಕೆಂದರೆ ಪರ್ಲ್ಸ್ ಬಣ್ಣ ಇದೆ, 1867ರ ಹಳೆಯ ವಿಧಾನ. ಕಬ್ಬಿಣ ಇದ್ದಲ್ಲಿ ನೀಲಿ ಆಗುತ್ತದೆ. ಆದರೆ ಸ್ಲೈಡಿನ ಮೇಲೆ ಅದು ಚೆನ್ನಾಗಿ ತೋರಿಸುವುದು ಹೀಮೋಸಿಡರಿನ್ ಎಂಬ ಗಟ್ಟಿಯಾದ ರಾಶಿಯನ್ನು. ಚದುರಿ ಹೋದ ಫೆರಿಟಿನ್ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಎರಡೂ ಮಾಡಿ ಪಕ್ಕಪಕ್ಕ ಇಟ್ಟರೆ ಒಳ್ಳೆಯದು.

ಕ್ಯಾಟಲಾಗಿನಲ್ಲಿ ಎಚ್ ಚೈನ್, ಎಲ್ ಚೈನ್ ಅಂತ ಎರಡಿದೆ. ಯಾವುದು ತರಿಸಲಿ?

ಆ 24 ತುಂಡುಗಳಲ್ಲಿ ಎರಡು ಜಾತಿ. ಎಚ್ ಅಂದರೆ ಭಾರದ್ದು, ಸುಮಾರು 21 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ). ಎಲ್ ಅಂದರೆ ಹಗುರದ್ದು, ಸುಮಾರು 19. ಎಚ್ ತುಂಡು ಫೆರಸ್ ಕಬ್ಬಿಣವನ್ನು ಫೆರಿಕ್ ಮಾಡುತ್ತದೆ, ಅಂದರೆ ಒಳಗೆ ತರುವ ಕೆಲಸ. ಎಲ್ ತುಂಡು ಒಳಗೆ ಬಂದದ್ದು ಒಟ್ಟಾಗಿ ಹರಳುಗಟ್ಟಲು ಸಹಾಯ ಮಾಡುತ್ತದೆ. ಹೃದಯ, ಮಿದುಳಿನಲ್ಲಿ ಎಚ್ ಪಾಲು ಜಾಸ್ತಿ. ಲಿವರ್, ಗುಲ್ಮದಲ್ಲಿ ಎಲ್ ಜಾಸ್ತಿ. ರಕ್ತದ ಸೀರಂನಲ್ಲಿ ಸಿಗುವುದು ಬಹುತೇಕ ಎಲ್, ಅದರಲ್ಲೂ ಕಬ್ಬಿಣ ತುಂಬಾ ಕಡಿಮೆ ಇರುವ ಗುಂಡು.

ಹಾಗಾದರೆ ನಿಮ್ಮ ಪ್ರಶ್ನೆ ಏನು ಎನ್ನುವುದರ ಮೇಲೆ ಆಯ್ಕೆ. ಫೆರಾಪ್ಟೋಸಿಸ್, ಅಂದರೆ ಕಬ್ಬಿಣದಿಂದಾಗುವ ಕೋಶದ ಸಾವಿನ ಬಗ್ಗೆ ಓದುತ್ತಿದ್ದೀರಾ? ಸಾಮಾನ್ಯವಾಗಿ ಎಚ್ ನೋಡುತ್ತಾರೆ, ಜೀನಿನ ಹೆಸರು ಎಫ್‌ಟಿಎಚ್1. ಲಿವರಿನ ದಾಸ್ತಾನು ನೋಡಬೇಕಾ? ಎಲ್ ತೆಗೆದುಕೊಳ್ಳಿ, ಜೀನ್ ಎಫ್‌ಟಿಎಲ್. ಎರಡು ಚೈನ್‌ಗಳ ಅಮೈನೋ ಆಮ್ಲದ ಸಾಲು ಸುಮಾರು ಅರ್ಧದಷ್ಟು ಒಂದೇ ಇರುವುದರಿಂದ, ಕೆಲವು ಆಂಟಿಬಾಡಿ ಎರಡನ್ನೂ ಹಿಡಿಯುತ್ತವೆ. ಬರೀ "ಆಂಟಿ ಫೆರಿಟಿನ್" ಎಂದಷ್ಟೇ ಬರೆದಿದ್ದರೆ ಕಂಪನಿಗೆ ಮೇಲ್ ಹಾಕಿ ಕೇಳಿ. ಕೇಳದೆ ದುಡ್ಡು ಕಟ್ಟಬೇಡಿ.

ಮೊನೊಕ್ಲೋನಲ್ ಒಳ್ಳೆಯದಾ, ಪಾಲಿಕ್ಲೋನಲ್ ಒಳ್ಳೆಯದಾ?

ಪಾಲಿಕ್ಲೋನಲ್ ಅಂದರೆ ಮೊಲಕ್ಕೋ ಮೇಕೆಗೋ ಫೆರಿಟಿನ್ ಚುಚ್ಚಿ, ಅದರ ರಕ್ತದಿಂದ ತೆಗೆದ ಆಂಟಿಬಾಡಿಗಳ ಮಿಶ್ರಣ. ಫೆರಿಟಿನ್‌ನ ಬೇರೆ ಬೇರೆ ಜಾಗಕ್ಕೆ ಅಂಟುತ್ತದೆ, ಸಿಗ್ನಲ್ ಜೋರಾಗಿ ಬರುತ್ತದೆ. ತೊಂದರೆ ಏನೆಂದರೆ ಆ ಮೊಲ ಹೋದ ಮೇಲೆ ಅದೇ ಮಿಶ್ರಣ ಮತ್ತೆ ಸಿಗುವುದಿಲ್ಲ. ಲಾಟ್, ಅಂದರೆ ತಯಾರಿಕೆಯ ಕಂತು, ಬದಲಾದರೆ ಗುಣವೂ ಬದಲಾಗಬಹುದು. ಮೊನೊಕ್ಲೋನಲ್ ಒಂದೇ ಜಾಗಕ್ಕೆ ಅಂಟುವ ಒಂದೇ ಬಗೆಯ ಆಂಟಿಬಾಡಿ. ಇದನ್ನು ತಯಾರಿಸಲು ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ದಾರಿ ತೋರಿಸಿದರು, 1984ರಲ್ಲಿ ನೊಬೆಲ್ ಬಂತು.

ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೂರು ವರ್ಷ ನಡೆಯುವ ಪಿಎಚ್‌ಡಿ ಕೆಲಸಕ್ಕೆ ಮೊನೊಕ್ಲೋನಲ್, ಅದರಲ್ಲೂ ರಿಕಾಂಬಿನೆಂಟ್ (ಜೀನಿನಿಂದ ಲ್ಯಾಬಿನಲ್ಲೇ ತಯಾರಿಸಿದ್ದು) ಆದರೆ ಇನ್ನೂ ಚೆಂದ. ಪ್ರಾಕ್ಟಿಕಲ್ ಕ್ಲಾಸಿಗೆ ಪಾಲಿಕ್ಲೋನಲ್ ಸಾಕು. ಮಕ್ಕಳು ಕೈ ನಡುಗಿಸಿ ಏನೇ ಮಾಡಿದರೂ ಅದು ಒಂದು ಬ್ಯಾಂಡ್ ಕೊಟ್ಟೇ ಕೊಡುತ್ತದೆ!

ಬ್ಯಾಂಡ್ 20 ಕಿಲೋಡಾಲ್ಟನ್ ಹತ್ತಿರ ಬರಬೇಕಿತ್ತು. ಜೆಲ್ಲಿನ ಮೇಲೆ ಸ್ಯಾಂಪಲ್ ಹಾಕುವ ಬಾವಿಯ ಬಾಯಲ್ಲೇ ನಿಂತಿದೆ. ಆಂಟಿಬಾಡಿ ಕೆಟ್ಟಿದೆಯಾ?

ಆಂಟಿಬಾಡಿ ಪಾಪ, ಅದರ ತಪ್ಪೇನೂ ಇಲ್ಲ. ನಿಮ್ಮ ಸ್ಯಾಂಪಲ್ ಬೆಂದಿಲ್ಲ.

ಫೆರಿಟಿನ್ ಗುಂಡು ಭಾರಿ ಗಟ್ಟಿ. ಲಿವರ್ ರಸವನ್ನು 70–75 ಡಿಗ್ರಿಗೆ ಬಿಸಿ ಮಾಡಿದರೆ ಉಳಿದ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ಕೆಳಗೆ ಕೂರುತ್ತವೆ. ಫೆರಿಟಿನ್ ಮಾತ್ರ ಏನೂ ಆಗದವರಂತೆ ದ್ರಾವಣದಲ್ಲಿ ಉಳಿಯುತ್ತದೆ. ಅದನ್ನು ಶುದ್ಧ ಮಾಡುವವರು ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ. ನಮಗೆ ಬ್ಲಾಟ್ ಮಾಡುವಾಗ ಅದೇ ಗುಣ ತಲೆನೋವು. 24 ತುಂಡು ಬಿಡಿಬಿಡಿ ಆಗದಿದ್ದರೆ ಅದು 450 ಕಿಲೋಡಾಲ್ಟನ್ ಆಸುಪಾಸಿನ ಉಂಡೆ. ಶೇ 12ರ ಜೆಲ್ಲಿಗೆ ಅದು ಇಳಿಯುವುದೇ ಇಲ್ಲ.

ಎಸ್‌ಡಿಎಸ್ ಮತ್ತು ಮರ್ಕ್ಯಾಪ್ಟೋಎಥನಾಲ್ (ಪ್ರೋಟೀನನ್ನು ಬಿಡಿಸುವ ರಾಸಾಯನಿಕಗಳು) ಇರುವ ಸ್ಯಾಂಪಲ್ ಬಫರ್ ಹಾಕಿ, 95 ಡಿಗ್ರಿ ದಾಟಿಸಿ, ಪೂರ್ತಿ 10 ನಿಮಿಷ ಇಡಿ. ಕೆಲವರು 70 ಡಿಗ್ರಿಗೆ 10 ನಿಮಿಷ ಎನ್ನುವ ಬೇರೆ ಪ್ರೋಟೀನಿನ ಪ್ರೋಟೋಕಾಲ್ ತಂದು ಹಚ್ಚುತ್ತಾರೆ. ಫೆರಿಟಿನ್‌ಗೆ ಅದು ಸಾಲದು.

ಇಲ್ಲೊಂದು ನಮ್ಮೂರಿನ ಮಾತು. ಒಬ್ಬ ಹುಡುಗ ನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್ ಇಟ್ಟು ಅರ್ಧ ಗಂಟೆ ಕಾದ. "ಮೇಡಂ, ಕುದೀತಿದೆ, ಆದ್ರೆ 100 ಆಗ್ತಾನೇ ಇಲ್ಲ, ಥರ್ಮಾಮೀಟರ್ ಹಾಳಾಗಿದೆ" ಎಂದ. ಹಾಳಾಗಿರಲಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಟ್ಯೂಬಿನ ಮುಚ್ಚಳ ಹಾರದಂತೆ ಕ್ಲಿಪ್ ಹಾಕಿ, ಅಷ್ಟೇ.

ಜೆಲ್ ಎಷ್ಟು ಪರ್ಸೆಂಟ್, ಮೆಂಬ್ರೇನ್ ಯಾವುದು?

ಶೇ 12 ಅಥವಾ 15. ಎಚ್ ಮತ್ತು ಎಲ್ ಬೇರೆ ಬೇರೆಯಾಗಿ ಕಾಣಬೇಕೆಂದರೆ 15. ಮೆಂಬ್ರೇನ್ 0.2 ಮೈಕ್ರಾನಿನದ್ದು ತೆಗೆದುಕೊಳ್ಳಿ. 0.45ರದ್ದಾದರೆ ಚಿಕ್ಕ ಪ್ರೋಟೀನ್ ತೂರಿಕೊಂಡು ಆಚೆ ಹೋಗುವ ಸಾಧ್ಯತೆ ಇದೆ. ರಾತ್ರಿಯಿಡೀ ಟ್ರಾನ್ಸ್‌ಫರ್ ಬೇಡ.

25ರ ಹತ್ತಿರ ಇನ್ನೊಂದು ಬ್ಯಾಂಡ್ ಬಂದಿದೆ. ಅದೂ ಫೆರಿಟಿನ್ನೇನಾ?

ನೀವು ಇಮ್ಯುನೋಪ್ರೆಸಿಪಿಟೇಷನ್ (ಆಂಟಿಬಾಡಿ ಹಾಕಿ ಪ್ರೋಟೀನನ್ನು ದ್ರಾವಣದಿಂದ ಎಳೆದು ತೆಗೆಯುವುದು) ಮಾಡಿದ್ದೀರಾ? ಹಾಗಿದ್ದರೆ ಅದು ಬಹುಶಃ ಆಂಟಿಬಾಡಿಯದ್ದೇ ಬಾಲ. ಐಜಿಜಿ (ನಾವು ಬಳಸುವ ಆಂಟಿಬಾಡಿಯ ಬಗೆ) ಅಣುವನ್ನು ಬಿಡಿಸಿದರೆ 50 ಕಿಲೋಡಾಲ್ಟನ್‌ನ ಭಾರದ ಚೈನ್, 25 ಕಿಲೋಡಾಲ್ಟನ್‌ನ ಹಗುರ ಚೈನ್ ಸಿಗುತ್ತವೆ. ಎಳೆದು ತರಲು ಹಾಕಿದ ಆಂಟಿಬಾಡಿ ಜೆಲ್ಲಿಗೂ ಬಂತು. ಸೆಕೆಂಡರಿ, ಅಂದರೆ ಮೊದಲು ಹಾಕಿದ ಪ್ರೈಮರಿ ಆಂಟಿಬಾಡಿಯನ್ನು ಗುರುತಿಸಿ ಸಿಗ್ನಲ್ ಕೊಡುವ ಎರಡನೆಯ ಆಂಟಿಬಾಡಿ, ಅದನ್ನೂ ಗುರುತಿಸಿತು. 21ಕ್ಕೂ 25ಕ್ಕೂ ಅಂತರ ಕಡಿಮೆ. ಬ್ಯಾಂಡ್ ಸ್ವಲ್ಪ ದಪ್ಪವಾದರೆ ಎರಡೂ ಅಂಟಿಕೊಂಡು, ಯಾವುದು ಯಾವುದೆಂದೇ ತಿಳಿಯುವುದಿಲ್ಲ. ಬೇರೆ ಗಾತ್ರದ ಪ್ರೋಟೀನಿಗೆ ಈ ಹಗುರ ಚೈನ್ ಕಾಟ ಅಷ್ಟಿಲ್ಲ, ಫೆರಿಟಿನ್‌ಗೆ ಮಾತ್ರ ಪಕ್ಕದ ಸೀಟಿನಲ್ಲೇ ಬಂದು ಕೂರುತ್ತದೆ.

ಪರಿಹಾರ: ಎಳೆಯಲು ಮೊಲದ ಆಂಟಿಬಾಡಿ, ನೋಡಲು ಇಲಿಯ ಆಂಟಿಬಾಡಿ ಬಳಸಿ. ಇಲ್ಲವೇ ಐಜಿಜಿಯ ಭಾರದ ಚೈನನ್ನು ಮಾತ್ರ ಗುರುತಿಸುವ ಸೆಕೆಂಡರಿ ತರಿಸಿ. ಇಲಿಯ ಲಿವರ್ ಮೇಲೆ ಇಲಿಯದ್ದೇ ಆಂಟಿಬಾಡಿ ಹಾಕಿದಾಗಲೂ ಇಂಥದ್ದೇ ಗೋಜಲು ಆಗುತ್ತದೆ. ಆ ಲಿವರಿನಲ್ಲಿ ರಕ್ತ ಇರುತ್ತದೆ, ರಕ್ತದಲ್ಲಿ ಇಲಿಯ ಐಜಿಜಿ ಇರುತ್ತದೆ.

ಬ್ಯಾಂಡ್ ಬಂದಿದೆ, ಸರಿಯಾದ ಜಾಗದಲ್ಲೇ ಬಂದಿದೆ. ಇನ್ನೂ ಕಂಟ್ರೋಲ್ ಯಾಕೆ?

ಸಂತೆಯಲ್ಲಿ ಹಿಂದಿನಿಂದ ನೋಡಿ "ನಮ್ಮ ಮಾವ" ಎಂದು ಹೆಗಲ ಮೇಲೆ ಕೈ ಹಾಕಿದರೆ, ತಿರುಗಿದಾಗ ಬೇರೆ ಯಾರೋ ಆಗಿರುತ್ತಾರಲ್ವಾ? ಎತ್ತರ ಒಂದೇ ಇದ್ದ ಮಾತ್ರಕ್ಕೆ ಮಾವ ಆಗುವುದಿಲ್ಲ. 20 ಕಿಲೋಡಾಲ್ಟನ್ ಎತ್ತರದ ಪ್ರೋಟೀನ್‌ಗಳು ಜೀವಕೋಶದಲ್ಲಿ ಬೇಕಾದಷ್ಟಿವೆ.

ಫೆರಿಟಿನ್ ವಿಷಯದಲ್ಲಿ ಒಂದು ಅನುಕೂಲ ಇದೆ. ಕಬ್ಬಿಣ ಕೊಟ್ಟರೆ ಅದು ಏರುತ್ತದೆ, ಕಿತ್ತುಕೊಂಡರೆ ಇಳಿಯುತ್ತದೆ. ಹಾಗಾಗಿ ಕೋಶಗಳನ್ನು ಮೂರು ಪಾತ್ರೆಯಲ್ಲಿ ಬೆಳೆಸಿ. ಒಂದಕ್ಕೆ ಏನೂ ಹಾಕಬೇಡಿ. ಒಂದಕ್ಕೆ ಫೆರಿಕ್ ಅಮೋನಿಯಂ ಸಿಟ್ರೇಟ್ ಹಾಕಿ. ಇನ್ನೊಂದಕ್ಕೆ ಡೆಫೆರಾಕ್ಸಮಿನ್ ಹಾಕಿ, ಅದು ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಮಾರನೇ ದಿನ ಬ್ಲಾಟ್ ಮಾಡಿ. ಮೊದಲನೆಯದಕ್ಕಿಂತ ಎರಡನೆಯದು ದಪ್ಪ, ಮೂರನೆಯದು ತೆಳು ಆಗಿ ಬಂದರೆ ನಿಮ್ಮ ಆಂಟಿಬಾಡಿ ಮೇಲೆ ನಂಬಿಕೆ ಇಡಬಹುದು. ಮೂರೂ ಒಂದೇ ಥರ ಬಂದರೆ ಅದು ಫೆರಿಟಿನ್ ಎಂದು ನಾನಂತೂ ಸಹಿ ಹಾಕುವುದಿಲ್ಲ. ಹೆಪ್‌ಜಿ2 ಲಿವರ್ ಕೋಶಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ.

ಇದೇ ಪ್ರಯೋಗದಲ್ಲಿ ಆರ್‌ಎನ್‌ಎ ಅಳೆದು "ಬದಲಾವಣೆ ಇಲ್ಲ" ಎಂದು ಬೇಜಾರು ಮಾಡಿಕೊಂಡವರೂ ಇದ್ದಾರೆ. ಬೇಜಾರು ಬೇಡ. ಫೆರಿಟಿನ್‌ನ ಎಂಆರ್‌ಎನ್‌ಎ ತುದಿಯಲ್ಲಿ ಐಆರ್‌ಇ ಎಂಬ ಕುಣಿಕೆ ಇದೆ. ಕಬ್ಬಿಣ ಕಡಿಮೆ ಇದ್ದಾಗ ಐಆರ್‌ಪಿ ಎಂಬ ಪ್ರೋಟೀನ್ ಅಲ್ಲಿ ಬಂದು ಕೂತು, ಬಾಗಿಲಿಗೆ ಅಡ್ಡ ಮಲಗಿದ ನಾಯಿಯ ಹಾಗೆ, ಪ್ರೋಟೀನ್ ಕಟ್ಟುವ ರೈಬೋಸೋಮನ್ನು ಒಳಗೆ ಬಿಡುವುದಿಲ್ಲ. ಕಬ್ಬಿಣ ಬಂದರೆ ಎದ್ದು ಹೋಗುತ್ತದೆ. ಆರ್‌ಎನ್‌ಎ ಅಷ್ಟೇ ಇದ್ದು ಪ್ರೋಟೀನ್ ಏರುವುದು ಹೀಗೆ. ಅದಕ್ಕೇ ಇಲ್ಲಿ ಆರ್‌ಎನ್‌ಎ ಅಳೆಯುವ ಪಿಸಿಆರ್‌ಗಿಂತ ಆಂಟಿಬಾಡಿಯ ಮಾತಿಗೆ ಬೆಲೆ ಜಾಸ್ತಿ.

ಪ್ರೈಮರಿ ಇಲ್ಲದೆ ಸೆಕೆಂಡರಿ ಮಾತ್ರ ಹಾಕಿದ ಒಂದು ಪಟ್ಟಿ ಇರಲಿ. ಎಲ್ಲ ಸ್ಯಾಂಪಲ್ ಸಮನಾಗಿ ಹಾಕಿದ್ದೀರಾ ಎಂದು ತೋರಿಸಲು ಆಕ್ಟಿನ್ ಅಥವಾ ಜಿಎಪಿಡಿಎಚ್ ಲೋಡಿಂಗ್ ಕಂಟ್ರೋಲ್ ಇರಲಿ. ಅವು 42 ಮತ್ತು 37ರಲ್ಲಿ ಬರುತ್ತವೆ, ಫೆರಿಟಿನ್ ಜೊತೆ ಜಗಳ ಇಲ್ಲ.

ಕೋಶ ಬೆಳೆಸುವ ಸೌಕರ್ಯವೇ ಇಲ್ಲದಿದ್ದರೆ?

ಮಟನ್ ಅಂಗಡಿಗೆ ಹೋಗಿ. ನಿಜಕ್ಕೂ! ಬೆಳಗ್ಗೆ ಬೇಗ ಹೋಗಿ ಆಡಿನ ಗುಲ್ಮ ಕೇಳಿ. ಹಳೆಯ ಕೆಂಪು ರಕ್ತಕಣಗಳನ್ನು ಒಡೆಯುವ ಅಂಗ ಅದು, ಫೆರಿಟಿನ್ ಧಾರಾಳ. ಐಸ್ ಡಬ್ಬಿಯಲ್ಲಿ ತಂದು, ತಣ್ಣನೆಯ ಬಫರಿನಲ್ಲಿ ಚೆನ್ನಾಗಿ ತೊಳೆದು ರಕ್ತ ಹೋಗಿಸಿ, ಅರೆದು, ಸ್ಪಿನ್ ಮಾಡಿ. ನಾನು ಮೊದಲ ಸಲ ಕೇಳಿದಾಗ ಅಂಗಡಿಯವರು "ನಾಯಿಗಾ ಮೇಡಂ?" ಎಂದಿದ್ದರು. ಈಗ ನಾನು ಬಾಗಿಲಲ್ಲಿ ಕಂಡರೆ ಸಾಕು, ತೆಗೆದಿಟ್ಟಿರುತ್ತಾರೆ.

ಒಂದು ಎಚ್ಚರ. ನಮ್ಮಲ್ಲಿರುವ ಪಾಲಿಕ್ಲೋನಲ್ ಆಡಿನದ್ದನ್ನೂ ಹಿಡಿಯುತ್ತದೆ. ನಿಮ್ಮಲ್ಲಿರುವುದು ಮನುಷ್ಯರದ್ದಕ್ಕೆ ಮಾತ್ರ ಮಾಡಿದ ಮೊನೊಕ್ಲೋನಲ್ ಆದರೆ ಹಿಡಿಯದೇ ಇರಬಹುದು. ಆಗ ಬ್ಯಾಂಡ್ ಬರಲಿಲ್ಲವೆಂದು ಗುಲ್ಮವನ್ನು ಬೈಯಬೇಡಿ.

ಹಸು, ನಾಯಿ, ಕುದುರೆಗೂ ಇದೇ ಆಂಟಿಬಾಡಿ ನಡೆಯುತ್ತದಾ?

ಪಶುವೈದ್ಯ ಓದುವವರು ಇದನ್ನು ಕೇಳಿಯೇ ಕೇಳುತ್ತಾರೆ. ಫೆರಿಟಿನ್ ಪ್ರಾಣಿಯಿಂದ ಪ್ರಾಣಿಗೆ ಬಹಳ ಬದಲಾಗುವ ಪ್ರೋಟೀನ್ ಅಲ್ಲ, ಹಾಗಾಗಿ ಕೆಲವು ಆಂಟಿಬಾಡಿ ಹಲವು ಪ್ರಾಣಿಗಳಿಗೆ ನಡೆಯುತ್ತವೆ. ಆದರೆ ಮೊನೊಕ್ಲೋನಲ್ ಅಂಟುವ ಆ ಪುಟ್ಟ ಜಾಗದಲ್ಲಿ ಒಂದೆರಡು ಅಮೈನೋ ಆಮ್ಲ ಬೇರೆಯಾದರೂ ಆಟ ಮುಗಿಯಿತು. ಡೇಟಾಶೀಟಿನಲ್ಲಿ "ಪರೀಕ್ಷಿಸಿದೆ" ಎಂದಿರುವುದಕ್ಕೂ "ನಡೆಯಬಹುದು" ಎಂದಿರುವುದಕ್ಕೂ ವ್ಯತ್ಯಾಸ ಗಮನಿಸಿ. ಎರಡನೆಯದು ಕಂಪ್ಯೂಟರಿನಲ್ಲಿ ಸಾಲು ಹೋಲಿಸಿ ಹೇಳಿದ ಊಹೆ.

ಮನುಷ್ಯರ ರಕ್ತದ ಕಿಟ್‌ನಲ್ಲಿ ನಾಯಿಯ ಸೀರಂ ಹಾಕಿ ಬಂದ ಸಂಖ್ಯೆಯನ್ನು ನಂಬುವುದು ಬೇಡವೇ ಬೇಡ.

ರಾಗಿ, ಕಾಫಿ ಎಲೆಯಲ್ಲಿ ಫೆರಿಟಿನ್ ನೋಡಬಹುದಾ?

ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಪ್ರಶ್ನೆ ಬರದೇ ಇರುತ್ತದೆಯೇ? ಗಿಡಗಳಲ್ಲೂ ಫೆರಿಟಿನ್ ಇದೆ. 24 ತುಂಡಿನ ಅದೇ ಗುಂಡು. ಆದರೆ ಅದು ಇರುವ ಜಾಗ ಬೇರೆ, ಹೆಚ್ಚಾಗಿ ಪ್ಲಾಸ್ಟಿಡ್‌ಗಳಲ್ಲಿ, ಅಂದರೆ ಎಲೆಯಲ್ಲಾದರೆ ಕ್ಲೋರೋಪ್ಲಾಸ್ಟಿನೊಳಗೆ. ತುಂಡಿನ ಗಾತ್ರವೂ ಸ್ವಲ್ಪ ದೊಡ್ಡದು, 26–28 ಕಿಲೋಡಾಲ್ಟನ್. ಮನುಷ್ಯರ ಫೆರಿಟಿನ್‌ಗೆ ಮಾಡಿದ ಆಂಟಿಬಾಡಿ ಅಲ್ಲಿ ಕೆಲಸ ಮಾಡುತ್ತದೆ ಎಂದು ಎಣಿಸಬೇಡಿ. ಗಿಡದ ಫೆರಿಟಿನ್‌ಗೆಂದೇ ಮಾಡಿದ್ದು ಬೇಕು.

ಕಾಫಿ ಎಲೆಯದ್ದು ಇನ್ನೊಂದು ರಗಳೆ. ಅರೆದ ಕೂಡಲೇ ಕಂದು ಆಗುತ್ತದೆ. ಎಲೆಯ ಫಿನಾಲ್‌ಗಳು ಪ್ರೋಟೀನಿಗೆ ಅಂಟಿಕೊಂಡು ಬ್ಲಾಟ್ ಪೂರ್ತಿ ಮಸಿ ಬಳಿದಂತಾಗುತ್ತದೆ. ಅರೆಯುವ ಬಫರಿಗೆ ಫಿನಾಲ್ ಹೀರುವ ಪಿವಿಪಿಪಿ ಪುಡಿ ಮತ್ತು ಮರ್ಕ್ಯಾಪ್ಟೋಎಥನಾಲ್ ಹಾಕಿ, ಎಲ್ಲವನ್ನೂ ಐಸ್ ಮೇಲೆ ಮಾಡಿ. ಎಳೆ ಎಲೆ ತೆಗೆದುಕೊಂಡರೆ ಅರೆಯುವುದು ಸುಲಭ.

ಡೈಲ್ಯೂಷನ್ ಎಷ್ಟು? ಬ್ಲಾಕಿಂಗ್‌ಗೆ ಅಂಗಡಿಯ ಹಾಲಿನ ಪುಡಿ ಸಾಕಾ?

ಡೈಲ್ಯೂಷನ್ 1ಕ್ಕೆ 1,000ದಿಂದ ಶುರು ಮಾಡಿ. ಒಂದೇ ಸ್ಯಾಂಪಲ್ಲಿನ ನಾಲ್ಕು ಪಟ್ಟಿ ಕತ್ತರಿಸಿ 500, 1,000, 2,000, 5,000 ನೋಡಿ. ಬ್ಯಾಂಡ್ ಚೆನ್ನಾಗಿದ್ದು ಹಿನ್ನೆಲೆ ಸ್ವಚ್ಛವಾಗಿರುವುದು ಯಾವುದೋ ಅದೇ ನಿಮ್ಮದು. ಗುಲ್ಮದ ಸ್ಯಾಂಪಲ್ ಆದರೆ ಪ್ರೋಟೀನ್ ಕಡಿಮೆ ಲೋಡ್ ಮಾಡಿ, ಇಲ್ಲದಿದ್ದರೆ ಬ್ಯಾಂಡ್ ಸುಟ್ಟು ಮಧ್ಯೆ ಬಿಳಿ ತೂತು ಬೀಳುತ್ತದೆ.

ಬ್ಲಾಕಿಂಗ್ ಅಂದರೆ ಮೆಂಬ್ರೇನಿನ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಂತೆ ಮೊದಲೇ ಮುಚ್ಚುವುದು. ಅದಕ್ಕೆ ಹಾಲಿನ ಪುಡಿ ಧಾರಾಳವಾಗಿ ನಡೆಯುತ್ತದೆ. ಕೊಬ್ಬು ತೆಗೆದದ್ದು, ಸಕ್ಕರೆ ಇಲ್ಲದ್ದು ಆಗಿರಬೇಕು. ಕಾಫಿಗೆ ಹಾಕುವ ವೈಟ್ನರ್ ತಂದವರಿದ್ದಾರೆ, ಅದು ಬೇಡ. ಶೇ 5ರಂತೆ ಅವತ್ತಿಂದವತ್ತಿಗೆ ಕಲಸಿ. ನಿನ್ನೆಯ ಹಾಲು ಹುಳಿ ಬರುತ್ತದೆ, ಬ್ಲಾಟ್ ಮೇಲೆ ಚುಕ್ಕೆ ಬೀಳುತ್ತದೆ. ಬಯೋಟಿನ್–ಸ್ಟ್ರೆಪ್ಟಾವಿಡಿನ್ ಪದ್ಧತಿ ಬಳಸುವವರು ಮಾತ್ರ ಹಾಲು ಬಿಟ್ಟು ಬಿಎಸ್‌ಎ (ಹಸುವಿನ ಸೀರಂ ಅಲ್ಬುಮಿನ್) ಹಿಡಿಯಿರಿ. ಹಾಲಿನಲ್ಲೇ ಬಯೋಟಿನ್ ಇದೆ.

ಲಿವರ್ ಸ್ಲೈಡ್ ಮೇಲೆ ಹಾಕಿದೆವು. ಎಲ್ಲಾ ಕಂದು. ಇಷ್ಟೊಂದು ಫೆರಿಟಿನ್ ಇರುತ್ತದಾ?

ಪ್ರೈಮರಿ ಹಾಕದ ಸ್ಲೈಡ್ ಕೂಡ ಕಂದು ಇದೆಯೇ ನೋಡಿ. ಕಬ್ಬಿಣ ಜಾಸ್ತಿ ತುಂಬಿದ ಲಿವರಿನಲ್ಲಿ ಹೀಮೋಸಿಡರಿನ್ ತನ್ನಷ್ಟಕ್ಕೇ ಹೊನ್ನು-ಕಂದು ಬಣ್ಣದ್ದು. ನಾವು ಬಳಸುವ ಡಿಎಬಿ ಬಣ್ಣವೂ ಕಂದು. ಎರಡನ್ನೂ ಕಣ್ಣಿನಲ್ಲಿ ಬೇರೆ ಮಾಡುವುದು ಕಷ್ಟ. ಯಾವ ಸ್ಲೈಡಿನಲ್ಲಿ ಕಬ್ಬಿಣ ಜಾಸ್ತಿಯೋ ಅಲ್ಲೇ ಮೋಸ ಹೋಗುತ್ತೇವೆ. ಕೆಂಪು ಬಣ್ಣ ಕೊಡುವ ಕ್ರೋಮೋಜನ್ ಬಳಸಿದರೆ ಈ ಗೊಂದಲ ತಪ್ಪುತ್ತದೆ.

ಜೊತೆಗೆ, ಲಿವರಿನಲ್ಲಿ ಅದರದ್ದೇ ಪೆರಾಕ್ಸಿಡೇಸ್ ಚಟುವಟಿಕೆ ಇದೆ. ಎಚ್‌ಆರ್‌ಪಿ (ಬಣ್ಣ ಬರಿಸಲು ಸೆಕೆಂಡರಿಗೆ ಕಟ್ಟಿದ ಪೆರಾಕ್ಸಿಡೇಸ್ ಕಿಣ್ವ) ಹಾಕುವ ಮೊದಲು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಸುಮ್ಮನಾಗಿಸಿ. ಫಾರ್ಮಲಿನ್ ಸ್ಲೈಡ್ ಆದರೆ ಸಿಟ್ರೇಟ್ ಬಫರಿನಲ್ಲಿ ಬಿಸಿ ಮಾಡಿ ಆಂಟಿಜನ್ ತೆರೆಯಬೇಕು, ಪಿಎಚ್ 6.

ಇದೇ ಆಂಟಿಬಾಡಿಯಿಂದ ರೋಗಿಗಳ ರಕ್ತದ ಫೆರಿಟಿನ್ ಅಳೆಯಬಹುದಾ?

ಸಂಶೋಧನೆಗೆ ಮಾತ್ರ ಎಂದು ವಯಲ್ ಮೇಲೇ ಬರೆದಿರುತ್ತದೆ. ರೋಗಿಯ ರಿಪೋರ್ಟಿಗೆ ಬಳಸುವಂತಿಲ್ಲ. ರಕ್ತ ಪರೀಕ್ಷೆಯ ಕಿಟ್‌ಗಳನ್ನು ಡಬ್ಲ್ಯುಎಚ್‌ಒ ಮಾನಕಕ್ಕೆ ಹೋಲಿಸಿ ಸರಿಹೊಂದಿಸಿರುತ್ತಾರೆ. ನಮ್ಮ ವಯಲ್ಲಿಗೆ ಆ ಹೊಣೆ ಇಲ್ಲ.

ಕಲಿಯಲಿಕ್ಕೆಂದು ಎಲೈಸಾ (ಕಿಣ್ವ ಕೊಡುವ ಬಣ್ಣದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಕಟ್ಟುವುದಾದರೆ ಸಂತೋಷ. ತಟ್ಟೆಯ ತಳಕ್ಕೆ ಒಂದು ಆಂಟಿಬಾಡಿ, ಮಧ್ಯೆ ಫೆರಿಟಿನ್, ಮೇಲೆ ಕಿಣ್ವ ಕಟ್ಟಿದ ಇನ್ನೊಂದು ಆಂಟಿಬಾಡಿ. ಸಾಮಾನ್ಯವಾಗಿ ಇಂಥ ಸ್ಯಾಂಡ್‌ವಿಚ್‌ಗೆ ಬೇರೆ ಬೇರೆ ಜಾಗ ಹಿಡಿಯುವ ಎರಡು ಆಂಟಿಬಾಡಿ ಬೇಕು. ಫೆರಿಟಿನ್‌ನಲ್ಲಿ ಒಂದು ತಮಾಷೆ ಇದೆ. ಅದೇ ತುಂಡು ಸುತ್ತಲೂ ಮತ್ತೆ ಮತ್ತೆ ಬರುವುದರಿಂದ, ಒಂದೇ ಮೊನೊಕ್ಲೋನಲ್ಲನ್ನು ಕೆಳಗೂ ಮೇಲೂ ಬಳಸಬಹುದು. ದುಡ್ಡು ಉಳಿಯಿತು ಅಲ್ವಾ?

ಫೆರಿಟಿನ್ ವಿಪರೀತ ಇರುವ ಸ್ಯಾಂಪಲ್ ಬಂದರೆ ರೀಡಿಂಗ್ ಉಲ್ಟಾ ಕಡಿಮೆ ತೋರಿಸಬಹುದು. ಕೆಳಗಿನ ಆಂಟಿಬಾಡಿಗೂ ಮೇಲಿನದಕ್ಕೂ ಬೇರೆ ಬೇರೆ ಗುಂಡು ಸಿಕ್ಕಿ, ಸ್ಯಾಂಡ್‌ವಿಚ್ ಕೂಡುವುದೇ ಇಲ್ಲ. ಇದಕ್ಕೆ ಹುಕ್ ಎಫೆಕ್ಟ್ ಎನ್ನುತ್ತಾರೆ. ಅನುಮಾನ ಬಂದರೆ ಸ್ಯಾಂಪಲ್ ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡಿ ಮತ್ತೆ ನೋಡಿ. ರಕ್ತಕಣ ಒಡೆದು ಕೆಂಪಾದ ಸೀರಂ ಬಿಸಾಕಿ, ಕಣದೊಳಗಿನ ಫೆರಿಟಿನ್ ಸೇರಿಕೊಂಡಿರುತ್ತದೆ.

ನನ್ನ ರಿಪೋರ್ಟಿನಲ್ಲಿ ಫೆರಿಟಿನ್ 11 ಅಂತ ಬಂದಿದೆ. ಹಿಮೋಗ್ಲೋಬಿನ್ ಸರಿ ಇದೆ. ಏನು ಮಾಡಲಿ?

ಇದು ಪಕ್ಕದ ಮನೆಯ ಅಕ್ಕನ ಪ್ರಶ್ನೆ. ಡಾಕ್ಟರ್ ಹತ್ತಿರ ಹೋಗಿ ಅಕ್ಕಾ, ನಾನು ಬ್ಲಾಟ್ ಮಾಡುವವಳು. ಆದರೂ ಓದಿಕೊಳ್ಳಲು ಇಷ್ಟು ಹೇಳುತ್ತೇನೆ. ಡಬ್ಲ್ಯುಎಚ್‌ಒ 2020ರ ಮಾರ್ಗಸೂಚಿ ಪ್ರಕಾರ, ಬೇರೆ ಕಾಯಿಲೆ ಇಲ್ಲದ ದೊಡ್ಡವರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 12. ರಿಪೋರ್ಟಿನಲ್ಲಿ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದಿದ್ದರೂ ಸಂಖ್ಯೆ ಅದೇ. ಹಗೇವು ಮೊದಲು ಖಾಲಿಯಾಗುತ್ತದೆ, ಅಡುಗೆಮನೆಯ ಡಬ್ಬ ಆಮೇಲೆ. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್ ಇಳಿದಿರುವುದು ಹಾಗೆ.

ಜ್ವರ, ಸೋಂಕು, ಉರಿಯೂತ ಇದ್ದರೆ ಲೆಕ್ಕ ತಪ್ಪುತ್ತದೆ. ಆಗ ಕಬ್ಬಿಣ ಕಡಿಮೆ ಇದ್ದರೂ ಫೆರಿಟಿನ್ ಏರುತ್ತದೆ. ಅದಕ್ಕೇ ಅಂಥ ಸಂದರ್ಭದಲ್ಲಿ ದೊಡ್ಡವರಿಗೆ ಗಡಿಯನ್ನು 70ಕ್ಕೆ ಏರಿಸಿದ್ದಾರೆ.

ಊಟ ಆದ ಕೂಡಲೇ ಲೋಟ ಕಾಫಿ ಕುಡಿಯುವುದು ನಮ್ಮ ಕಡೆಯ ಹುಟ್ಟುಗುಣ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆಗಿನ ಒಂದು ಕಪ್ ಕಾಫಿ ಕಬ್ಬಿಣ ಹೀರುವುದನ್ನು ಶೇ 39ರಷ್ಟು ಇಳಿಸಿತು. ಟೀ ಇನ್ನೂ ಜಾಸ್ತಿ, ಶೇ 64. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಮಾಡಲಿಲ್ಲ, ಒಂದು ಗಂಟೆ ನಂತರ ಕುಡಿದದ್ದು ಜೊತೆಗೆ ಕುಡಿದಷ್ಟೇ ಕೆಡಿಸಿತು. ಚಿಕ್ಕಮಗಳೂರಿನವರ ಮುಂದೆ ಇದನ್ನು ಹೇಳಿ ನಾನು ಒಂದೆರಡು ಸಲ ಬೈಸಿಕೊಂಡಿದ್ದೇನೆ.

ಕುದುರೆಮುಖದ ಕಡೆಯವರ ಫೆರಿಟಿನ್ ಜಾಸ್ತಿ ಇರುತ್ತದಾ? ಪ್ರಾಜೆಕ್ಟ್ ಮಾಡೋಣ ಅಂತಿದ್ದೇವೆ.

ಬೆಟ್ಟದಲ್ಲಿ ಅದಿರು ಇದ್ದ ಮಾತ್ರಕ್ಕೆ ಲಿವರಿನಲ್ಲಿ ಇರಬೇಕೆಂದಿಲ್ಲ. ಅಲ್ಲಿಯ ಮ್ಯಾಗ್ನೆಟೈಟ್ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದಲ್ಲ. ಗಣಿಗಾರಿಕೆಯೂ 2005ರ ಕೊನೆಗೆ ನಿಂತಿದೆ. ದೇಹಕ್ಕೆ ಎಷ್ಟು ಕಬ್ಬಿಣ ಬಿಡಬೇಕೆಂದು ಹೆಪ್ಸಿಡಿನ್ ಎಂಬ ಹಾರ್ಮೋನ್ ಕಾಯುತ್ತದೆ. ಬೇರೆ ವಿಷಯ ಹುಡುಕಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ವಯಲ್ ಗತಿ ಏನು?

ಜುಲೈ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲಿ. ಗಾಬರಿ ಬೇಡ. ಐಜಿಜಿ ಹಾಲಿನಂತೆ ಒಡೆಯುವುದಿಲ್ಲ. ಕೆಲವು ಗಂಟೆ ಫ್ರೀಜರ್ ಬೆಚ್ಚಗಾದರೆ ಆಂಟಿಬಾಡಿ ಸಾಯುವುದಿಲ್ಲ. ಅದನ್ನು ಕೊಲ್ಲುವುದು ಮತ್ತೆ ಮತ್ತೆ ಗಟ್ಟಿಯಾಗಿ ಕರಗುವುದು.

ಆದ್ದರಿಂದ ವಯಲ್ ಬಂದ ದಿನವೇ 10 ಮೈಕ್ರೋಲೀಟರ್‌ನಂತೆ ಚಿಕ್ಕ ಟ್ಯೂಬುಗಳಿಗೆ ಹಂಚಿ. ಪ್ರತಿಯೊಂದರ ಮೇಲೆ ಹೆಸರು, ಲಾಟ್, ತಾರೀಖು ಬರೆಯಿರಿ, ಸ್ಪಿರಿಟ್ ತಾಗಿದರೂ ಅಳಿಯದ ಪೆನ್ನಿನಲ್ಲಿ. ಶೇ 50 ಗ್ಲಿಸರಾಲ್ ಇರುವ ಆಂಟಿಬಾಡಿ ಮೈನಸ್ 20ರಲ್ಲಿ ಗಟ್ಟಿಯಾಗುವುದೇ ಇಲ್ಲ, ಅದಕ್ಕೆ ಈ ಚಿಂತೆ ಕಡಿಮೆ. ಮನೆಯಲ್ಲಿರುವಂಥ ಫ್ರಾಸ್ಟ್ ಫ್ರೀ ಫ್ರಿಜ್ ಬೇಡ. ಅದು ಐಸ್ ಕಟ್ಟದಿರಲೆಂದು ಆಗಾಗ ತಾನೇ ಬಿಸಿ ಮಾಡಿಕೊಳ್ಳುತ್ತದೆ, ಕರೆಂಟ್ ಇದ್ದೂ ನಿಮ್ಮ ವಯಲ್ಲಿಗೆ ದಿನವೂ ಕರೆಂಟ್ ಹೋದ ಹಾಗೆ.

ಸೋಡಿಯಂ ಅಜೈಡ್ ಇರುವ ದ್ರಾವಣದಲ್ಲಿ ಎಚ್‌ಆರ್‌ಪಿ ಸೆಕೆಂಡರಿ ಕಲಸಬೇಡಿ, ಅಜೈಡ್ ಆ ಕಿಣ್ವವನ್ನೇ ಕಟ್ಟಿ ಹಾಕುತ್ತದೆ. ಅಜೈಡ್ ವಿಷ. ಸೀಸ, ತಾಮ್ರದ ಪೈಪಿನಲ್ಲಿ ಸೇರಿಕೊಂಡರೆ ಸಿಡಿಯುವ ವಸ್ತುವಾಗುತ್ತದೆ. ಸಿಂಕಿಗೆ ಸುರಿಯಬೇಡಿ.

ಪಾರ್ಸೆಲ್ ತಡವಾಗಿ ಬಂತು, ಜೆಲ್ ಪ್ಯಾಕ್ ಎಲ್ಲಾ ಕರಗಿದೆ. ವಾಪಸ್ ಕಳಿಸಲಾ?

ಒಮ್ಮೆ ನಮ್ಮ ಪಾರ್ಸೆಲ್ ಶುಕ್ರವಾರ ಬೆಂಗಳೂರು ಬಿಟ್ಟು, ಶನಿವಾರ ಭಾನುವಾರ ಕೊರಿಯರ್‌ನವರ ಗೋಡೌನಿನಲ್ಲಿ ಮಲಗಿ, ಸೋಮವಾರ ಸಂಜೆ ಬಂತು. ಥರ್ಮೋಕೋಲ್ ಡಬ್ಬಿ ತೆರೆದರೆ ಒಳಗೆ ಉಗುರು ಬೆಚ್ಚಗೆ. ವಯಲ್ಲಿನ ಬೆಲೆ ಹತ್ತಾರು ಸಾವಿರ, ನನ್ನ ಮುಖ ಹೇಗಿತ್ತೋ ನೀವೇ ಯೋಚಿಸಿ. ಫೋಟೋ ತೆಗೆದು ಮೇಲ್ ಹಾಕಿ, ಆ ರಾತ್ರಿಯೇ ಮೆಂಬ್ರೇನ್ ಮೇಲೆ ಗುಲ್ಮದ ರಸದ ಚುಕ್ಕೆ ಇಟ್ಟು ಡಾಟ್ ಬ್ಲಾಟ್ ಮಾಡಿದೆ. ಹಳೆಯ ಲಾಟ್ ಪಕ್ಕದಲ್ಲಿಟ್ಟು ನೋಡಿದರೆ ಏನೂ ವ್ಯತ್ಯಾಸವಿಲ್ಲ. ಆಮೇಲಿನಿಂದ ಸೋಮವಾರ ಅಥವಾ ಮಂಗಳವಾರವೇ ಕಳಿಸಿ ಎಂದು ಆರ್ಡರಿನಲ್ಲೇ ಬರೆಯುತ್ತೇನೆ. ನೀವೂ ಮೊದಲು ಡಾಟ್ ಬ್ಲಾಟ್ ಮಾಡಿ, ಜಗಳ ಆಮೇಲೆ. ಕಿಣ್ವ ಕಟ್ಟಿದ ಆಂಟಿಬಾಡಿಗೆ ಮಾತ್ರ ಇಷ್ಟು ಧೈರ್ಯ ಹೇಳಲಾರೆ.

ವರದಿಯಲ್ಲಿ ಆಂಟಿಬಾಡಿ ಬಗ್ಗೆ ಏನೇನು ಬರೆಯಬೇಕು?

ಕಂಪನಿ, ಕ್ಯಾಟಲಾಗ್ ಸಂಖ್ಯೆ, ಕ್ಲೋನ್, ಲಾಟ್, ಯಾವ ಪ್ರಾಣಿಯದ್ದು, ಎಚ್ ಅಥವಾ ಎಲ್, ಡೈಲ್ಯೂಷನ್. "ಆಂಟಿ ಫೆರಿಟಿನ್ ಬಳಸಲಾಯಿತು" ಎಂಬ ಒಂದೇ ಸಾಲು ಬರೆದರೆ ವೈವಾದಲ್ಲಿ ನಾನೇ ಕೇಳುತ್ತೇನೆ.

ಎಕ್ಸ್‌ಪೈರಿ ಮುಗಿದಿದೆ. ಬಿಸಾಕಬೇಕಾ?

ಪ್ರಕಟಿಸುವ ಕೆಲಸಕ್ಕೆ ಹೊಸದು ತರಿಸಿ. ಹಳೆಯದನ್ನು ಗುಲ್ಮದ ಸ್ಯಾಂಪಲ್ ಮೇಲೆ ಹೊಸದರ ಪಕ್ಕ ಓಡಿಸಿ ನೋಡಿ. ಮೊದಲಿನಂತೆಯೇ ಬ್ಯಾಂಡ್ ಬಂದರೆ ಪ್ರಾಕ್ಟಿಕಲ್‌ಗೆ ಇಟ್ಟುಕೊಳ್ಳಿ. ಎಕ್ಸ್‌ಪೈರಿ ದಾಟಿ ಮೂರು ವರ್ಷವಾದ ಒಂದು ಟ್ಯೂಬ್ ನಮ್ಮ ಫ್ರೀಜರಿನ ಎರಡನೇ ಡ್ರಾಯರಿನಲ್ಲಿ ಇನ್ನೂ ಇದೆ, ಮೊನ್ನೆಯೂ ಬ್ಯಾಂಡ್ ಕೊಟ್ಟಿತು. ಬೇಕಿದ್ದವರು ಐಸ್ ಡಬ್ಬಿ ತಗೊಂಡು ಬನ್ನಿ, 10 ಮೈಕ್ರೋಲೀಟರ್ ಕೊಡುತ್ತೇನೆ.